ಗೊನೆ ಯಾರದು?

ಮನುಷ್ಯರಿರುವಲ್ಲಿ ಮನಸ್ತಾಪವಿದೆ; ಮನಸ್ತಾಪವಿರುವಲ್ಲಿ ವ್ಯಾಜ್ಯವಿದೆ. ರಾಜ್ಯ ರಾಜ್ಯಗಳ ನಡುವೆ ನದಿಯ ನೀರಿಗಾಗಿ ವ್ಯಾಜ್ಯ ನಡೆಯುವಂತೆ, ನೆರೆಹೊರೆಯವರ ನಡುವೆ ಬಚ್ಚಲ ನೀರಿಗಾಗಿಯೂ ವ್ಯಾಜ್ಯ ನಡೆಯುತ್ತದೆ. ಮೊದಲನೆಯದು ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ; ಎರಡನೆಯದು ಓಣಿಯಲ್ಲಿ ಮೊಳಗುತ್ತದೆ. ಆದರೆ ಸಾಮಾನ್ಯ ಮನುಷ್ಯನ ನಿದ್ದೆಗೆಡಿಸುವುದು ಬಹುಮಟ್ಟಿಗೆ ಈ ಎರಡನೆಯದೇ. ಇಂತಹ ಸಣ್ಣ ಜಗಳಗಳ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂಬುದನ್ನು ತಿಳಿದರೆ ನಗುವೂ ಬರುತ್ತದೆ, ವಿವೇಕವೂ ಬರುತ್ತದೆ.

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ದಾರಿಯಲ್ಲಿ ಕಮಲಾಪುರವೆಂಬ ಊರಿದೆ. ಅದು ಕೆಂಪು ಬಾಳೆಹಣ್ಣಿಗೆ ಹೆಸರುವಾಸಿಯಾದುದು. ಈ ಹಣ್ಣಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿರುವುದರಿಂದ, ಬೇರೆಡೆಯಲ್ಲಿ ಬೆಳೆದ ಹಣ್ಣನ್ನು ಕಮಲಾಪುರದ್ದೆಂದು ಹೇಳಿ ಮಾರುವುದು 1999ರ ಕಾನೂನಿಗೆ ವಿರುದ್ಧ. ಹೀಗೆ ಹೆಸರಿನ ವ್ಯಾಜ್ಯವೇನೋ ಬಗೆಹರಿಯಿತು. ಆದರೆ ಹಣ್ಣಿನ ವ್ಯಾಜ್ಯ? ಅಲ್ಲಿಯ ಒಬ್ಬ ರೈತನ ತೋಟದ ಅಂಚಿನ ಬಾಳೆಯು ಗೊನೆಯ ಭಾರಕ್ಕೆ ಬಾಗಿ, ಬೇಲಿಯನ್ನು ದಾಟಿ, ಪಕ್ಕದ ಹೊಲದ ಮೇಲೆ ತೂಗತೊಡಗಿತೆಂದು ಭಾವಿಸಿಕೊಳ್ಳಬಹುದು.

“ಕಾಕಾ, ಗೊನಿ ನಮ್ಮ ಹೊಲ್ದಾಗ ಬಂದದ. ಅದು ನಂದೇ ಆಯ್ತು,” ಎನ್ನುತ್ತಾನೆ ಪಕ್ಕದ ಹೊಲದ ಯುವಕ.

“ನಿಮ್ಮ ಎಮ್ಮಿ ದಿನಾ ನಮ್ಮ ತೋಟದಾಗ ಬರ್ತದಲ್ಲೋ ತಮ್ಮಾ, ಅದೂ ನಂದೇ ಏನು?” ಎಂದು ಹಿರಿಯನು ಕೇಳುತ್ತಾನೆ.

ಹಿರಿಯನ ತರ್ಕ ವಕೀಲರ ತರ್ಕಕ್ಕೆ ಕಡಿಮೆಯಾದುದೇನಲ್ಲ. ಇಂತಹದೇ ಪ್ರಶ್ನೆಯು ಇಂಗ್ಲೆಂಡಿನ ನ್ಯಾಯಾಲಯಗಳ ಮುಂದೆ ಬಂದಿತ್ತು. ಗಡಿಯನ್ನು ದಾಟಿ ಬಂದ ಕೊಂಬೆಯನ್ನು, ನೆರೆಯವನ ನೆಲದ ಮೇಲೆ ಕಾಲಿಡದೆ, ತನ್ನ ನೆಲದಲ್ಲಿಯೇ ನಿಂತು ಕತ್ತರಿಸುವ ಹಕ್ಕು ಭೂಮಾಲೀಕನಿಗೆ ಉಂಟೆಂದು ಅಲ್ಲಿಯ ಅತ್ಯುನ್ನತ ನ್ಯಾಯಪೀಠವು 1894ರಲ್ಲಿ ತೀರ್ಪಿತ್ತಿತು. ಈ ತೀರ್ಪಿನ ಬಲದಿಂದ ಮುಂದೆ ಒಬ್ಬನು ನೆರೆಯವನ ಸೇಬಿನ ಕೊಂಬೆಗಳನ್ನು ಕತ್ತರಿಸಿದುದಲ್ಲದೆ ಸೇಬುಗಳನ್ನೂ ಮಾರಿಕೊಂಡನು. 1919ರಲ್ಲಿ ನ್ಯಾಯಾಲಯವು ಆತನಿಗೆ ಹೇಳಿದುದಿಷ್ಟು: ಕೊಂಬೆ ಗಡಿ ದಾಟಿದರೂ ಹಣ್ಣಿನ ಒಡೆತನ ಗಡಿ ದಾಟುವುದಿಲ್ಲ. ಎಂದರೆ, ಕತ್ತರಿಸುವ ಹಕ್ಕು ಒಬ್ಬನದು, ತಿನ್ನುವ ಹಕ್ಕು ಇನ್ನೊಬ್ಬನದು! ಈ ನ್ಯಾಯದಂತೆ ಕಮಲಾಪುರದ ಯುವಕನು ಬೆವರು ಸುರಿಸಿ ಗೊನೆಯನ್ನು ಕತ್ತರಿಸಿ, ಅದನ್ನು ಕಾಕನ ಕೈಗೆ ಒಪ್ಪಿಸಬೇಕಾಗುತ್ತದೆ.

ಹಾಗೆಂದು ಒಂದು ಹಣ್ಣನ್ನು ಕಿತ್ತವನ ಮೇಲೆಲ್ಲ ಮೊಕದ್ದಮೆ ಹೂಡಲು ಬರುವುದೇ? ಸಾಮಾನ್ಯ ತಿಳಿವಳಿಕೆಯುಳ್ಳ ಯಾವನೂ ದೂರಿಕೊಳ್ಳದಷ್ಟು ಅಲ್ಪವಾದ ಹಾನಿಯನ್ನು ಅಪರಾಧವೆಂದು ಎಣಿಸಬಾರದೆಂದು 1860ರ ಭಾರತೀಯ ದಂಡ ಸಂಹಿತೆಯ 95ನೆಯ ಕಲಮು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ವಿವೇಕವನ್ನು ಉಳಿಸಿಕೊಂಡಿದೆ. ದಾರಿಹೋಕನು ಕಿತ್ತ ಒಂದು ಹಣ್ಣಿಗೂ ರಾತ್ರೋರಾತ್ರಿ ಮಾಯವಾದ ಹತ್ತು ಗೊನೆಗಳಿಗೂ ಇರುವ ವ್ಯತ್ಯಾಸವನ್ನು ಕಾನೂನು ಬಲ್ಲದು.

ಕೆಲವು ತೀರ್ಪುಗಳು ಮೊದಲ ನೋಟಕ್ಕೆ ಕಠಿಣವಾಗಿ ತೋರುತ್ತವೆ. 1913ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು ತೀರ್ಮಾನಿಸಿದ ಒಂದು ಪ್ರಕರಣ ಹೀಗಿದೆ. ಧಣಿಯೊಬ್ಬನ ಸೋದರನ ಮಗ ಮನೆ ಬಿಟ್ಟು ಹೋದನು. ಧಣಿಯು ತನ್ನ ಮುನೀಮನನ್ನು ಹುಡುಕಲು ಕಳುಹಿಸಿದನು. ಮುನೀಮನು ಹೊರಟುಹೋದ ಮೇಲೆ, ಹುಡುಗನನ್ನು ಪತ್ತೆಮಾಡಿದವರಿಗೆ 501 ರೂಪಾಯಿ ಬಹುಮಾನವೆಂದು ಪ್ರಕಟಣೆ ಹೊರಟಿತು. ಇದನ್ನರಿಯದ ಮುನೀಮನು ಹುಡುಗನನ್ನು ಹುಡುಕಿದನು. ಬಳಿಕ ವಿಷಯ ತಿಳಿದು ಬಹುಮಾನಕ್ಕಾಗಿ ದಾವೆ ಹೂಡಿದನು. ತಿಳಿಯದೇ ಇದ್ದ ಪ್ರಸ್ತಾಪವನ್ನು ಒಪ್ಪಿಕೊಳ್ಳುವುದು ಸಾಧ್ಯವಿಲ್ಲ, ಒಪ್ಪಿಗೆಯಿಲ್ಲದೆ ಕರಾರು ಹುಟ್ಟುವುದಿಲ್ಲ ಎಂದು ನ್ಯಾಯಾಲಯವು ದಾವೆಯನ್ನು ತಳ್ಳಿಹಾಕಿತು. ಮುನೀಮನಿಗೆ ಹುಡುಗ ಸಿಕ್ಕಿದನು, ಹಣ ಸಿಕ್ಕಲಿಲ್ಲ. ಕಾನೂನು ಓದುವ ವಿದ್ಯಾರ್ಥಿಗಳಿಗೆ ಮಾತ್ರ ಒಂದು ಪಾಠ ಸಿಕ್ಕಿತು.

ನಗು ಇಲ್ಲಿಗೆ ನಿಲ್ಲುತ್ತದೆ; ಏಕೆಂದರೆ ಸಣ್ಣ ವ್ಯಾಜ್ಯವೂ ಒಮ್ಮೊಮ್ಮೆ ಬದುಕನ್ನೇ ಕಸಿದುಕೊಳ್ಳಬಲ್ಲದು. ಉಳುವಾಗ ವರ್ಷಕ್ಕೊಂದು ಸಾಲಿನಂತೆ ಬದುವನ್ನು ಒತ್ತುವವರು ಯಾವ ಊರಿನಲ್ಲಿ ಇಲ್ಲ? ಬದುವಿಗೆ ಕಾಲುಗಳಿಲ್ಲ, ಆದರೂ ಅದು ನಡೆಯುತ್ತದೆ! 1963ರ ಕಾಲಮಿತಿ ಅಧಿನಿಯಮದ ಪ್ರಕಾರ, ಒಬ್ಬನು ಇನ್ನೊಬ್ಬನ ನೆಲವನ್ನು ಅವನ ಹಕ್ಕಿಗೆ ವಿರೋಧವಾಗಿ, ಬಹಿರಂಗವಾಗಿ, ಎಡೆಬಿಡದೆ 12 ವರ್ಷ ಅನುಭವಿಸಿದರೆ, ಒಡೆಯನು ಅದನ್ನು ಮರಳಿ ಕೇಳುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಸಾಮಾನ್ಯವಾಗಿ ಕೈಗಡದ ವಸೂಲಿಗೆ ಇರುವ ಅವಧಿ 3 ವರ್ಷ ಮಾತ್ರ. ದಾಕ್ಷಿಣ್ಯಕ್ಕೆ ಸುಮ್ಮನಿದ್ದವನ ಸಲುವಾಗಿ ಕಾಲವು ಸುಮ್ಮನಿರುವುದಿಲ್ಲ.

ಕಾಲದಂತೆಯೇ ದೂರವೂ ಬಡವನ ಶತ್ರು. 1956ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿದ್ದಿತು. ನಿಜಾಮರ ಕಾಲದಲ್ಲಿ ನ್ಯಾಯಾಲಯದ ಭಾಷೆ ಉರ್ದುವಾಗಿತ್ತು. ಕನ್ನಡ ಮಾತ್ರ ಬಲ್ಲ ರೈತನು ತನ್ನ ದಾವೆಯ ಕಾಗದವನ್ನೇ ಬೇರೆಯವರಿಂದ ಓದಿಸಿಕೊಳ್ಳಬೇಕಿತ್ತು. ರಾಜ್ಯದ ಏಕೀಕರಣದ ಬಳಿಕ ಉಚ್ಚ ನ್ಯಾಯಾಲಯವು ಸುಮಾರು 600 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ಉಳಿಯಿತು. ಎರಡು ಗುಂಟೆ ನೆಲದ ಮೇಲ್ಮನವಿಗಾಗಿ ಅಲೆದವನಿಗೆ ದಾರಿಯ ಖರ್ಚೇ ನೆಲದ ಬೆಲೆಯನ್ನು ಮೀರುತ್ತಿದ್ದಿರಬೇಕು. 2008ರ ಜುಲೈ ತಿಂಗಳಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠ ಆರಂಭವಾಯಿತು. 2013ರಲ್ಲಿ ಅದು ಕಾಯಂ ಪೀಠವಾಯಿತು. ಅಂದಿನಿಂದ ಕಮಲಾಪುರದವನು ಮುಂಜಾನೆ ಹೊರಟು, ವಿಚಾರಣೆ ಮುಗಿಸಿ, ಸಂಜೆಗೆ ಮನೆ ಸೇರುವುದು ಸಾಧ್ಯವಾಗಿದೆ.

ಆದರೂ ಮೊಕದ್ದಮೆಗೆ ವರ್ಷಗಳು ಬೇಕು. ಬಾಳೆಗೊನೆ ಕಾಯುವುದು ಕೆಲವೇ ದಿನ. ಆದುದರಿಂದಲೇ ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಹುಟ್ಟಿತು. ಈ ಗಾದೆಯನ್ನು ಸುಳ್ಳಾಗಿಸಲು ಇರುವ ಒಂದು ದಾರಿ ಲೋಕ ಅದಾಲತ್. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು ಇದಕ್ಕೆ ಆಧಾರ. ಇಲ್ಲಿ ಉಭಯ ಪಕ್ಷದವರೂ ಒಪ್ಪಿದರೆ ಮಾತ್ರ ರಾಜಿಯಾಗುತ್ತದೆ. ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ. ಅದರ ಮೇಲೆ ಅಪೀಲು ಇಲ್ಲ. ನ್ಯಾಯಾಲಯದಿಂದ ಬಂದ ಪ್ರಕರಣವಾದರೆ, ಕಟ್ಟಿದ್ದ ಶುಲ್ಕವೂ ಮರಳಿ ಬರುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು, ಅಂಗವಿಕಲರು ಮೊದಲಾದವರಿಗೆ ಇದೇ ಕಾನೂನಿನಂತೆ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ.

ರಾಜಿಯೆಂದರೆ ಅನ್ಯಾಯಕ್ಕೆ ತಲೆಬಾಗುವುದಲ್ಲ. ತನ್ನ ಹಕ್ಕೇನೆಂಬುದನ್ನು ಅರಿತವನು ಮಾಡಿಕೊಳ್ಳುವ ರಾಜಿ ಔದಾರ್ಯವೆನಿಸುತ್ತದೆ. ಅರಿಯದವನು ಮಾಡಿಕೊಳ್ಳುವ ರಾಜಿ ಸೋಲಾಗುತ್ತದೆ. ನೆರೆಯವನಿಗೆ ನಾಲ್ಕು ಹಣ್ಣನ್ನು ಬಿಟ್ಟುಕೊಡುವುದು ಸೊಗಸು. ಆದರೆ ಬದುವನ್ನು ಬಿಟ್ಟುಕೊಡುವ ಮುನ್ನ ಕಾನೂನನ್ನು ಕೇಳುವುದು ಲೇಸು.