ಭೂತಾನದ ಘಟ್ಟದ ರಸ್ತೆ ಮತ್ತು ನಮ್ಮ ಅಡಿಕೆ



"ಭೂತಾನದಿಂದ ಹಸಿ ಅಡಿಕೆ ಬರುತ್ತದಂತೆ, ಇನ್ನು ನಮ್ಮ ಧಾರಣೆ ಮುಗಿದ ಹಾಗೆ" ಎಂಬ ಮಾತು 2022ರಿಂದೀಚೆಗೆ ಮಂಡಿಯಲ್ಲೂ ಮದುವೆಮನೆಯಲ್ಲೂ ಕೇಳಿಬರುತ್ತಿದೆ. ಬೆಂಗಳೂರಿನ ಗೋವಿಂದರಾಜನಗರದಲ್ಲಿ ಮಕ್ಕಳ ಮನೆಗೆಂದು ಬಂದು ಸೇರಿದ್ದ ನಮ್ಮಲ್ಲಿ ಕೆಲವರಿಗೆ, ಆ ದೇಶವನ್ನು ಒಮ್ಮೆ ಕಣ್ಣಾರೆ ನೋಡಿಯೇ ಬರೋಣವೆನಿಸಿತು. ಅಲ್ಲಿಂದಲೇ ಹೊರಟೆವು.

ವಿಮಾನದಲ್ಲಿ ಬಾಗ್‌ಡೋಗ್ರಕ್ಕೆ ಹೋಗಿ, ಮುಂದೆ ಚಹಾ ತೋಟಗಳ ನಡುವಿನ ರಸ್ತೆಯಲ್ಲಿ ಜೈಗಾಂವ್ ತಲುಪಬೇಕು. ಅದು ನಮ್ಮ ದೇಶದ ಕೊನೆಯ ಪೇಟೆ. ಅದಕ್ಕೆ ಅಂಟಿಕೊಂಡೇ ಭೂತಾನದ ಫುಂಟ್‌ಶೋಲಿಂಗ್ ಇದೆ. ನಮ್ಮವರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಜೊತೆಗಿರಬೇಕು. ತಂಗುವ ಪ್ರತಿ ರಾತ್ರಿಗೆ ತಲೆಗೆ 1,200 ರೂಪಾಯಿ ಶುಲ್ಕವಿದೆ. ಅಲ್ಲಿಯ ನಾಣ್ಯಕ್ಕೂ ನಮ್ಮ ರೂಪಾಯಿಗೂ ಬೆಲೆ ಒಂದೇ.

ಗಡಿ ದಾಟಿದೊಡನೆ ಘಟ್ಟ. ಶಿರಾಡಿ, ಚಾರ್ಮಾಡಿ ಕಂಡವರಿಗೆ ತಿರುವು ಹೊಸತಲ್ಲ. ಎತ್ತರ ಮಾತ್ರ ಹೊಸತು. ರಾಜಧಾನಿ ಥಿಂಫು ಸುಮಾರು 2,300 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ. ಅದರಾಚೆಯ ದೋಚುಲಾ ಕಣಿವೆಮಾರ್ಗ 3,100 ಮೀಟರ್. ಮಳೆಗಾಲದಲ್ಲಿ ಸೋರ್ಚೆನ್ ಮುಂತಾದ ಕಡೆ ಗುಡ್ಡ ಜರಿದು ರಸ್ತೆ ಕಟ್ಟುವುದುಂಟು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಗೆ ಹೋಗದಿರುವುದೇ ಲೇಸು.

ಈ ರಸ್ತೆಗೂ ಒಂದು ಕಥೆಯಿದೆ. 1958ರಲ್ಲಿ ಪ್ರಧಾನಿ ನೆಹರೂ ಅವರು ಭೂತಾನಕ್ಕೆ ಹೋದಾಗ ಮೋಟಾರು ದಾರಿಯೇ ಇರಲಿಲ್ಲ. ಸಿಕ್ಕಿಮಿನ ನಾಥೂಲಾ ದಾಟಿ, ಚುಂಬಿ ಕಣಿವೆಯ ಮೂಲಕ ಕುದುರೆಯೇರಿ ಪಾರೋ ಸೇರಿದರು. 1961ರಲ್ಲಿ ನಮ್ಮ ಗಡಿ ರಸ್ತೆ ಸಂಸ್ಥೆಯು 'ದಂತಕ್' ಯೋಜನೆಯಡಿ ಕೆಲಸ ಆರಂಭಿಸಿತು. ಹೇಸರಗತ್ತೆಯ ಮೇಲೆ ದಿನಗಟ್ಟಲೆ ಸಾಗುತ್ತಿದ್ದ ಸಾಮಾನು ಈಗ ಲಾರಿಯಲ್ಲಿ ಒಂದೇ ದಿನಕ್ಕೆ ತಲುಪುತ್ತದೆ.

ಈಗ ಅಡಿಕೆಯ ಮಾತು. ಮೇಲಿನ ಚಳಿಯ ಊರುಗಳಲ್ಲಿ ಅಡಿಕೆ ಮರ ಬೆಳೆಯದು. ಬೆಳೆಯುವುದು ಸಾಮ್ಚಿ, ಸರ್ಪಾಂಗ್ ಮೊದಲಾದ ದಕ್ಷಿಣದ ಬೆಚ್ಚನೆಯ ತಪ್ಪಲಿನಲ್ಲಿ. ಆದರೆ ಅಡಿಕೆ ಜಗಿಯುವುದು ದೇಶವೆಲ್ಲ. ಎಲೆ, ಸುಣ್ಣ, ಅಡಿಕೆ ಕೂಡಿದ ವೀಳ್ಯಕ್ಕೆ ಅಲ್ಲಿ 'ದೋಮಾ' ಎನ್ನುತ್ತಾರೆ. ಅದಕ್ಕೆ ಹಾಕುವುದು ನಮ್ಮ ನೀರಡಿಕೆಯನ್ನು ಹೋಲುವ ಹಸಿ ಅಡಿಕೆ, ವಾಸನೆ ಜೋರು. ಮನೆಗೆ ಬಂದವರಿಗೆ ದೋಮಾ ಕೊಡುವುದು ಅಲ್ಲಿಯ ಮರ್ಯಾದೆ. ತಟ್ಟೆ ಮುಂದೆ ಬಂದಾಗ ನಮಗೆ ಊರಿನ ಜಗಲಿಯೇ ನೆನಪಾಯಿತು.

ತಪ್ಪಲಿನ ಬೆಳೆಗಾರನಿಗೆ ಹತ್ತಿರದ ದೊಡ್ಡ ಪೇಟೆ ಭಾರತವೇ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಕಾರ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಜೈಗಾಂವ್ ಸುಂಕದ ಕಟ್ಟೆಯ ಮೂಲಕ, ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಕೊಟ್ಟಿತು. ಆ ಕನಿಷ್ಠ ಬೆಲೆ ಆಗ ಕಿಲೋಗೆ 251 ರೂಪಾಯಿ ಇತ್ತು. 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿತು.

17,000 ಟನ್ ಎಂದೊಡನೆ ಎದೆ ಝಲ್ಲೆನ್ನುವುದು ಸಹಜ. ಆದರೆ ಅದು ಸಿಪ್ಪೆ ಸಮೇತದ ಹಸಿ ತೂಕ. ಕ್ವಿಂಟಾಲ್ ಹಸಿ ಅಡಿಕೆ ಸುಲಿದು ಬೇಯಿಸಿದರೆ ಕೈಗೆ ಬರುವ ಕೆಂಪಡಿಕೆ 12-13 ಕಿಲೋ ಎಂಬುದು ನಮಗೆಲ್ಲ ಗೊತ್ತು. ಆ ಲೆಕ್ಕಕ್ಕೆ ಇದು ಸುಮಾರು 2,100 ಟನ್. ಹಣ್ಣಡಿಕೆ ಒಣಗಿಸಿ ಚಾಲಿ ಮಾಡಿದರೆ ತುಸು ಹೆಚ್ಚು. ನಮ್ಮ ದೇಶದ ಬೆಳೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿದ್ದು. ಹೇಗೆ ಎಣಿಸಿದರೂ ನೂರಕ್ಕೆ ಅರ್ಧ ಪಾಲನ್ನು ಇದು ಮುಟ್ಟದು.

ಹಾಗೆಂದು ಕಣ್ಣು ಮುಚ್ಚಿ ಕೂರಬೇಕೆಂದಲ್ಲ. ಒಂದು ಬಾಗಿಲು ತೆರೆದಾಗ, ಅದೇ ಹೆಸರಿನಲ್ಲಿ ಬೇರೆಡೆಯ ಒಣ ಅಡಿಕೆ ನುಸುಳಬಾರದು. ಹಸಿ ಎಂದದ್ದು ಹಸಿಯಾಗಿಯೇ, ಗೊತ್ತುಪಡಿಸಿದ ಕಟ್ಟೆಯಲ್ಲೇ, ತೂಕ ಮಾಡಿಯೇ ಬರಲಿ ಎಂದು ಕೇಳುವುದು ನಮ್ಮ ಹಕ್ಕು. ಸಂಘದ ಮುಖಾಂತರ ಕೇಳಿದರೆ ಆ ಮಾತಿಗೆ ತೂಕವೂ ಹೆಚ್ಚು.

ಇನ್ನೊಂದು ಮಾತು. ಗಾಳಿಸುದ್ದಿಗೆ ಹೆದರಿ ಧಾರಣೆ ಬೀಳುವ ಮೊದಲೇ ಮಾರಿಬಿಡೋಣವೆಂದು ಎಲ್ಲರೂ ಒಮ್ಮೆಗೇ ಮಂಡಿಗೆ ಮೂಟೆ ಇಳಿಸಿದರೆ, ಧಾರಣೆ ಬೀಳಿಸುವವರು ನಾವೇ ಆಗುತ್ತೇವೆ. ಆ ದೂರದ ಘಟ್ಟದ ಬುಡದಲ್ಲಿರುವವನೂ ನಮ್ಮಂತೆಯೇ ಮಳೆ ನೋಡಿ, ಕೊನೆ ಎಣಿಸಿ ಬದುಕುವ ಸಣ್ಣ ಬೆಳೆಗಾರ. ಅವನ ಮೇಲೆ ಸಿಟ್ಟು ಬೇಡ. ನಮ್ಮ ಲೆಕ್ಕ ನಮಗೆ ಸರಿಯಾಗಿ ಗೊತ್ತಿರಲಿ.