ಹುಟ್ಟುಗುಣವೂ ಇರುವ ಮನೆಯೂ

‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುವವರು ನಾವೇ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುವವರೂ ನಾವೇ. ಮೊದಲನೆಯದು ದಿಟವಾದರೆ ಮಕ್ಕಳನ್ನು ತಿದ್ದುವ ಗೋಜೇ ಬೇಡ. ಎರಡನೆಯದು ದಿಟವಾದರೆ ಬೆತ್ತವನ್ನು ಕೆಳಗಿಡುವಂತಿಲ್ಲ. ಮಗ ಮುಂದೆ ಬಂದರೆ ನಾವು ಬಗ್ಗಿಸಿದ್ದರಿಂದ. ಹಟಮಾರಿಯಾದರೆ ಅದು ಹುಟ್ಟುಗುಣ, ಅದೂ ‘ನಿಮ್ಮ ಕಡೆಯದು’. ನಮ್ಮ ಮನೆಗಳಲ್ಲಿ ಈ ಎರಡು ಗಾದೆಗಳ ಬಳಕೆ ಹೀಗೆ.

ಈ ವಿಷಯವನ್ನು ತಾಳ್ಮೆಯಿಂದ ಪರಿಶೀಲಿಸಿದವರು ನ್ಯೂಯಾರ್ಕಿನ ಮನೋವೈದ್ಯ ದಂಪತಿಗಳಾದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್. 1956ರಲ್ಲಿ ಕೆಲಸ ಆರಂಭಿಸಿ, 133 ಮಕ್ಕಳನ್ನು ಎಳೆತನದಿಂದ ಪ್ರಾಯಕ್ಕೆ ಬರುವವರೆಗೂ ಗಮನಿಸುತ್ತ ಹೋದರು. ಕೂಸಿನ ಹಸಿವು, ನಿದ್ದೆಗಳಿಗೆ ಹೊತ್ತುಗೊತ್ತು ಉಂಟೇ, ಹೊಸ ಮುಖ ಕಂಡರೆ ನಗುವುದೋ ಅಳುವುದೋ, ಕೈಕಾಲು ಎಷ್ಟು ಆಡಿಸುವುದು ಎಂದು ಮುಂತಾಗಿ ಒಂಬತ್ತು ಬಗೆಯಲ್ಲಿ ಅಳೆದರು. ಮೊದಲ ಕೆಲವು ತಿಂಗಳಲ್ಲೇ ಮಕ್ಕಳು ಬೇರೆ ಬೇರೆಯಾಗಿ ಕಂಡವು. ನೂರಕ್ಕೆ ಸುಮಾರು 40 ಸುಲಭದ ಮಕ್ಕಳು, 10 ಕಷ್ಟದವು, 15 ಹೊಸದಕ್ಕೆ ನಿಧಾನವಾಗಿ ಒಗ್ಗುವಂಥವು. ಉಳಿದ 35 ಯಾವ ಗುಂಪಿಗೂ ಸೇರಲಿಲ್ಲ. (ಯಾವ ಕಪಾಟಿಗೂ ಸೇರದ ಕಡತಗಳ ನಡುವೆ ದಿನ ಕಳೆಯುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.)

ಅದೇ ದಂಪತಿಗಳು ಅದೇ ನಗರಕ್ಕೆ ವಲಸೆ ಬಂದಿದ್ದ ಪೋರ್ಟೊರಿಕೊದ ಕಾರ್ಮಿಕ ಕುಟುಂಬಗಳ ಮಕ್ಕಳನ್ನೂ ಪರೀಕ್ಷಿಸಿದರು. ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕಾದದ್ದು ಈ ಭಾಗವನ್ನೇ. ಅವರದು ಇಕ್ಕಟ್ಟಾದ ಮನೆಗಳು. ಬೀದಿಗೆ ಬಿಟ್ಟರೆ ಅಪಾಯವೆಂದು ತಾಯಂದಿರು ಮಕ್ಕಳನ್ನು ಒಳಗೇ ಇಟ್ಟುಕೊಳ್ಳುತ್ತಿದ್ದರು. ಓಡುವ ಸ್ವಭಾವದ ಮಗುವಿಗೆ ಓಡಲು ಜಾಗವೇ ಇಲ್ಲ. ಅನುಕೂಲಸ್ಥರ ಮನೆಗಳಲ್ಲಿ ತೀರ ಅಪರೂಪವಾಗಿದ್ದ ‘ಒಂದೆಡೆ ಕೂರುವುದೇ ಇಲ್ಲ’ ಎಂಬ ದೂರು ಇಲ್ಲಿ ಪದೇ ಪದೇ ಕೇಳಿಬಂತು. ನಿದ್ದೆಯ ವಿಷಯದಲ್ಲಿ ಮಾತ್ರ ತಿರುಗುಮುರುಗು. ಮಗು ಯಾವಾಗ ಮಲಗಿದರೂ ಆ ತಾಯ್ತಂದೆಯರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ; ಶಾಲೆಯ ಗಂಟೆ ಬಾರಿಸಲು ಆರಂಭವಾದ ಮೇಲೆಯೇ ಅದೊಂದು ತೊಂದರೆಯಾದದ್ದು. ಗುಣ ಮಗುವಿನದು, ಸರಿ. ಆದರೆ ಅದು ದೋಷವಾಗುವುದು ಇರುವ ಮನೆಯನ್ನೂ ಸುತ್ತಲಿನವರ ನಿರೀಕ್ಷೆಯನ್ನೂ ಅವಲಂಬಿಸಿದೆ.

ಇದಕ್ಕೆ ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ. ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ‘ಪೀಡೆ’ ಎನಿಸಿಕೊಂಡ ಹುಡುಗ ಬೇಸಿಗೆಯ ರಜೆಗೆ ಊರಿಗೆ ಹೋದರೆ, ಅಂಗಳ, ಹಿತ್ತಿಲು, ದನದ ಕೊಟ್ಟಿಗೆಯೆಲ್ಲ ಸುತ್ತಿ ಬರುವ ಅವನನ್ನು ಅಜ್ಜಿ ‘ಚೂಟಿ’ ಎನ್ನುತ್ತಾಳೆ. ಹುಡುಗ ಅವನೇ.

ಹಾಗೆಂದು ಎಲ್ಲವೂ ಪರಿಸರದ್ದೇ ಎನ್ನಲೂ ಬಾರದು. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು 1979ರಿಂದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗ, ಸ್ವಭಾವದಲ್ಲಿ ಜನಜನಕ್ಕೆ ಕಾಣುವ ವ್ಯತ್ಯಾಸದ ಸುಮಾರು ಅರ್ಧಭಾಗ ಹುಟ್ಟಿನಿಂದ ಬಂದದ್ದೆಂದು ತಿಳಿದುಬಂತು.

ನಮಗೆ ಹೆಚ್ಚು ಚಿಂತೆ ಆ ನೂರಕ್ಕೆ 15ರ ಮಕ್ಕಳದು. ನಮ್ಮಂಥ ಸರ್ಕಾರಿ ನೌಕರರಿಗೆ ವರ್ಗಾವಣೆ ತಪ್ಪಿದ್ದಲ್ಲ. ಹೈದರಾಬಾದಿನಲ್ಲಿ ತೆಲುಗು ಕಿವಿಗೆ ಬೀಳುವಷ್ಟರಲ್ಲಿ ಪುಣೆಗೆ ಆಜ್ಞೆ ಬರುತ್ತದೆ. ಮನೆಯೊಳಗೆ ಕನ್ನಡ, ಹೊರಗೆ ಮರಾಠಿ, ತರಗತಿಯಲ್ಲಿ ಇಂಗ್ಲಿಷು. ಸುಲಭದ ಮಗು ವಾರದಲ್ಲಿ ಗೆಳೆಯರನ್ನು ಗಳಿಸುತ್ತದೆ. ನಿಧಾನದ ಮಗು ತಿಂಗಳುಗಟ್ಟಲೆ ಬಾಯಿ ಬಿಡದೆ ಗೋಡೆಯ ಪಕ್ಕ ನಿಲ್ಲುತ್ತದೆ. ಶಾಲೆಯವರು ‘ಮಂದ’ ಎಂದು ಹೇಳಿ ಕಳುಹಿಸುತ್ತಾರೆ, ತಂದೆ ಗದರುತ್ತಾನೆ, ಮಗು ಇನ್ನಷ್ಟು ಹಿಂದೆ ಸರಿಯುತ್ತದೆ. ಥಾಮಸ್ ದಂಪತಿಗಳು ಕಂಡದ್ದೂ ಇದನ್ನೇ: ದೂಡಿದರೆ ಇಂಥ ಮಕ್ಕಳು ಮುದುಡುತ್ತವೆ, ಹೊತ್ತು ಕೊಟ್ಟರೆ ತಾವಾಗಿಯೇ ಬಂದು ಸೇರುತ್ತವೆ. ಶಾಲೆ ತೆರೆಯುವ ಮೊದಲೇ ಒಂದೆರಡು ಸಲ ಆ ದಾರಿಯಲ್ಲಿ ಕರೆದೊಯ್ಯುವುದು, ಪಕ್ಕದ ಮನೆಯ ಒಂದೇ ಒಂದು ಮಗುವಿನ ಜೊತೆ ಆಡಲು ಬಿಡುವುದು—ಇದಕ್ಕೆ ಖರ್ಚೇನೂ ಇಲ್ಲ.

ನವೆಂಬರಿನಲ್ಲಿ ಕನ್ನಡ ಸಂಘಗಳ ವೇದಿಕೆಗಳ ಮೇಲೆಯೂ ಅಂಥ ಒಂದು ಮಗು ಇದ್ದೇ ಇರುತ್ತದೆ. ‘ಹಾಡಮ್ಮಾ, ಹಾಡು’ ಎಂದು ನಾಲ್ವರು ಹಿರಿಯರು ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳುತ್ತಿರುತ್ತಾರೆ. ಈ ವರ್ಷ ಅದಕ್ಕೆ ಪರದೆ ಎಳೆಯುವ ಕೆಲಸ ಕೊಟ್ಟು ನೋಡಬಹುದು. ಪರದೆ ಎಳೆಯುವುದಕ್ಕೂ ಪ್ರತಿ ವರ್ಷ ಜನ ಸಾಲುವುದಿಲ್ಲ.