ಬೇಲಿಯೊಳಗೆ ಹುಲ್ಲು, ಹೊರಗೆ ಕುರಿ

ಪಾವಗಡದಿಂದ ತಿರುಮಣಿಯತ್ತ ಹೊರಟರೆ ಮೊದಲು ಕಾಣುವುದು ಬಂಡೆಗುಡ್ಡ, ಜಾಲಿಗಿಡ, ಶೇಂಗಾ ಹೊಲ. ಆಮೇಲೆ ತಂತಿಬೇಲಿ ಶುರುವಾಗುತ್ತದೆ. ಅದರಾಚೆ ಕಣ್ಣು ಹಾಯುವಷ್ಟು ದೂರ ಸೌರಫಲಕಗಳು. ಊರವರ ಬಾಯಲ್ಲಿ ‘ಸೋಲಾರ್ ಪ್ಲೇಟು’. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿದ ‘ಶಕ್ತಿಸ್ಥಳ’ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್.

ಕೇಂದ್ರ ಸರ್ಕಾರ 2014ರ ಕೊನೆಯಲ್ಲಿ ಸೋಲಾರ್ ಪಾರ್ಕ್ ಯೋಜನೆ ಪ್ರಕಟಿಸಿತು. ರಾಜ್ಯದ ಸೌರನೀತಿಯೂ ಅದೇ ವರ್ಷದ್ದು. 2015ರಲ್ಲಿ ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳು ಕೂಡಿ ಪಾರ್ಕಿಗೆಂದೇ ನಿಗಮ ಕಟ್ಟಿದವು. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. 2019ರ ಕೊನೆಗೆ ಪೂರ್ಣ ಸಾಮರ್ಥ್ಯಕ್ಕೆ ಬಂತು.

ಇಲ್ಲಿ ಮೆಚ್ಚಬೇಕಾದ್ದು ಜಮೀನಿನ ವ್ಯವಸ್ಥೆ. ಸರ್ಕಾರ ಭೂಮಿಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೇ ಉಳಿಯುತ್ತದೆ. ಮಳೆ ಕೈಕೊಟ್ಟ ವರ್ಷ ಬಿತ್ತನೆ ಬೀಜದ ದುಡ್ಡೂ ಹುಟ್ಟದ, ಬೋರ್‌ವೆಲ್ ಕೊರೆದರೆ ಫ್ಲೋರೈಡ್ ನೀರು ಬರುವ ಸೀಮೆಯಲ್ಲಿ ಇದು ಸಣ್ಣ ಸಮಾಧಾನವಲ್ಲ. ಗುತ್ತಿಗೆ ಹಣದಲ್ಲಿ ಸಾಲ ತೀರಿಸಿದವರಿದ್ದಾರೆ, ಮನೆ ಕಟ್ಟಿದವರಿದ್ದಾರೆ.

ಪಹಣಿಯೇ ಇಲ್ಲದವರಿಗೆ ಏನು ಸಿಕ್ಕಿತು? ಬೇಲಿಯ ಪಕ್ಕ, ಜಾಲಿಯ ನೆರಳಲ್ಲಿ ಕೋಲೂರಿ ನಿಂತಿದ್ದ ಕುರಿಗಾಹಿಯೊಬ್ಬರು ಇದನ್ನೇ ಕೇಳಿದರು. ಅವರ ಮಾತು ತೆಲುಗು ಬೆರೆತ ಕನ್ನಡ. “ಫಸಲು ಎತ್ತಿದ ಮೇಲೆ ಯಾರ ಹೊಲಕ್ಕಾದ್ರೂ ಬಿಡ್ತಿದ್ವಿ ಸಾರ್, ಯಾರೂ ಬ್ಯಾಡ ಅಂತಿರ್ಲಿಲ್ಲ. ಮಂದೆ ನಿಂತ್ರೆ ಅವ್ರಿಗೆ ಗೊಬ್ಬರ ಆಯ್ತಿತ್ತಲ್ಲ” ಎಂದರು. ಹೊಲಗಳೆಲ್ಲ ಬೇಲಿಯೊಳಗೆ ಸೇರಿದ ಮೇಲೆ ಮಂದೆಯ ಅರ್ಧದಷ್ಟನ್ನು ಮಾರಿದ್ದಾರೆ. ಉಳಿದವನ್ನು ಮೇಯಿಸಲು ಆಂಧ್ರದ ಗಡಿ ದಾಟಿ ನಡೆಯುತ್ತಾರೆ. ಬೀಡುಬಿಟ್ಟ ಹೊಲದ ಮಾಲೀಕರಿಗೆ ಅಲ್ಲಿ ದುಡ್ಡು ಕೊಡಬೇಕಂತೆ. ಶೇಂಗಾ ಕೀಳಲು, ಬಿಡಿಸಲು ಹೋಗುತ್ತಿದ್ದ ಅವರ ಹೆಂಡತಿಯ ಕೂಲಿಯೂ ನಿಂತಿದೆ. ಫಸಲೆತ್ತಿದ ಹೊಲದಲ್ಲಿ ಮಂದೆ ಮೇಯಿಸುವ ಒಡಂಬಡಿಕೆ ಯಾವ ಕಾಗದದಲ್ಲೂ ಇರಲಿಲ್ಲವಾದ್ದರಿಂದ ಪರಿಹಾರದ ಲೆಕ್ಕಕ್ಕೂ ಬರಲಿಲ್ಲ.

ಅವರು ಮಾತಾಡುತ್ತಿದ್ದಾಗಲೇ ಬೇಲಿಯೊಳಗೆ ಇಬ್ಬರು ಹೆಂಗಸರು ಕುಡುಗೋಲು ಹಿಡಿದು ಹುಲ್ಲು ಕೊಯ್ಯುತ್ತಿದ್ದರು. ಫಲಕದ ಮೇಲೆ ದೂಳು ಕೂತರೆ ವಿದ್ಯುತ್ ಕಡಿಮೆಯಾಗುತ್ತದೆ, ಅದಕ್ಕೆ ಆಗಾಗ ತೊಳೆಯುತ್ತಾರೆ. ಆ ನೀರು ಅಂಚಿನಿಂದ ತೊಟ್ಟಿಕ್ಕಿದ ಕಡೆ, ಫಲಕದ ನೆರಳಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಬೇಲಿಯಿಂದ ಈಚೆ ನೆಲ ಬೋಳು. ಎರಡು ಕುರಿ ತಂತಿಯ ಸಂದಿನಲ್ಲಿ ಮೂತಿ ತೂರಿಸಿ, ಸಿಕ್ಕ ನಾಲ್ಕು ಎಸಳನ್ನು ಎಳೆಯುತ್ತಿದ್ದವು.

ಹೊಸ ತಂತ್ರಜ್ಞಾನವೆಂದರೆ ನೀರಿಲ್ಲದೆ ಫಲಕ ಒರೆಸುವ ರೋಬಾಟು, ಸೂರ್ಯನ ಜತೆ ತಿರುಗುವ ಟ್ರ್ಯಾಕರ್, ಸಂಜೆಗೆ ವಿದ್ಯುತ್ ಕೂಡಿಡುವ ಬ್ಯಾಟರಿ ಎಂದೇ ಮಾತು. ಇವೆಲ್ಲ ಬೇಕು. ಫಲಕದಡಿ ಬೆಳೆ ತೆಗೆಯುವ, ಕುರಿ ಮೇಯಿಸುವ ವಿಧಾನವೂ ತಂತ್ರಜ್ಞಾನವೇ. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ಫಲಕದ ಸಾಲುಗಳ ನಡುವೆ ಬೆಳೆ ತೆಗೆದು ತೋರಿಸಿದೆ. ಅಮೆರಿಕದಲ್ಲಿ ಹುಲ್ಲು ಮೇಯಿಸಿಕೊಡಲು ಸೌರಸ್ಥಾವರಗಳೇ ಕುರಿಗಾಹಿಗಳಿಗೆ ಹಣ ಕೊಡುತ್ತವೆ. ಮೇಕೆ ಫಲಕ ಹತ್ತಬಹುದು, ಕುರಿಗೆ ಆ ಚಾಳಿಯಿಲ್ಲ. ಜೋತುಬಿದ್ದ ವೈರು ಕಚ್ಚದಂತೆ ಅದನ್ನು ಪೈಪಿನೊಳಗೆ ಹಾಯಿಸಬೇಕು, ಹೊಸ ಸ್ಥಾವರಗಳಲ್ಲಿ ಫಲಕವನ್ನು ಕೊಂಚ ಎತ್ತರಿಸಬೇಕು. ಖರ್ಚಿದೆ, ನಿಜ. ಆದರೆ ಹುಲ್ಲು ಕೊಯ್ಯಿಸುವುದೂ ಪುಕ್ಕಟೆಯಲ್ಲ.

ಹುಲ್ಲು ಕೊಯ್ಯುವ ಹೆಂಗಸರ ಕೂಲಿಗೆ ಕುತ್ತು ಬರಬಾರದೆಂಬ ಮಾತನ್ನು ಎತ್ತಿದವರೂ ಆ ಕುರಿಗಾಹಿಯೇ. ಫಲಕ ತೊಳೆಯುವ ಕೆಲಸ ಆ ಹೆಂಗಸರಿಗಿರಲಿ, ಮಳೆಗಾಲ ಮುಗಿದ ಮೇಲಿನ ನಾಲ್ಕು ತಿಂಗಳಾದರೂ ಕಾವಲುಗಾರರ ಕಣ್ಣೆದುರೇ ಮಂದೆಯನ್ನು ಒಳಗೆ ಬಿಡಲಿ ಎಂಬುದು ಅವರ ಬೇಡಿಕೆ. ಅರ್ಜಿ ಬರೆಸಿದ್ದಾರೆ. ಯಾರಿಗೆ ಕೊಡಬೇಕೆಂದು ಗೊತ್ತಾಗದೆ ಅದು ಅಂಗಿಯ ಜೇಬಿನಲ್ಲೇ ಇದೆ: ನೆಲ ರೈತರದು, ಗುತ್ತಿಗೆ ನಿಗಮದ್ದು, ಬೇಲಿಯ ಬಾಗಿಲು ಒಳಗೆ ಸ್ಥಾವರ ಹಾಕಿದ ಬೇರೆ ಬೇರೆ ಕಂಪನಿಗಳದು.